ರಾಡ್ ಓವನ್ನಿನಲ್ಲಿ ರೊಟ್ಟಿ

ಕಳೆದ ವಾರ ಒಮಾನಿನ ಬರ್ಕಾದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಹೊಸ ರಾಡ್ ಓವನ್ ಬಂತು. ವೆಲ್ಡಿಂಗ್ ರಾಡುಗಳನ್ನು ಬಿಸಿಯಾಗಿ, ತೇವವಿಲ್ಲದೆ ಇಡುವ ಕಬ್ಬಿಣದ ಪೆಟ್ಟಿಗೆ ಅದು. ನೋಡಲಿಕ್ಕೆ ಮನೆಯ ಸಣ್ಣ ಫ್ರಿಜ್ಜಿನಷ್ಟು. ತೋಟದ ಗೇಟು, ನೀರಿನ ಟ್ಯಾಂಕಿಗಳಿಗೆ ಸ್ಟ್ಯಾಂಡು ಮಾಡುವ ನಮಗೆ ಅಂಥದ್ದು ಬೇಕಾಗಿರಲಿಲ್ಲ. ಆದರೆ ನಮ್ಮ ಮಾಲೀಕರಾದ ಹಾಜಿಯವರಿಗೆ ಯಾವುದೋ ಕಂಪನಿಯ ಪೈಪ್ ಕೆಲಸ ಸಿಕ್ಕಿದೆ, ಓವನ್ ಇಲ್ಲದ ವರ್ಕ್‌ಶಾಪಿಗೆ ಆ ಕಂಪನಿಯವರು ಕಾಲಿಡುವುದಿಲ್ಲವಂತೆ. ಪ್ಲಗ್ ಹಾಕಿ ಅರ್ಧ ಗಂಟೆ ಬಿಟ್ಟು ಬಾಗಿಲು ತೆರೆದೆ. ಬಿಸಿ ಕಬ್ಬಿಣದ ವಾಸನೆ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಇನ್ನೊಂದು ವಾಸನೆ ಬರಬೇಕೆಂದು ನನ್ನ ಮೂಗು ಕಾಯುತ್ತಿತ್ತು: ಒಣ ಶಾರ್ಕ್ ಮೀನಿನದು, ನಮ್ಮೂರಲ್ಲಿ ತಾಟೆ ಅನ್ನುತ್ತೇವಲ್ಲ, ಅದರದ್ದು. ಹೊಸ ಓವನ್ನಿನಲ್ಲಿ ಅದು ಎಲ್ಲಿಂದ ಬರಬೇಕು? ಆದರೂ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತೆ.

ಆ ವಾಸನೆ ಸಲಾಲದ್ದು. ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ವೆಲ್ಡಿಂಗ್ ಕಲಿಸುತ್ತಿದ್ದೆ. ಮಂಗಳೂರಿನ ಬೆಂಗ್ರೆಯ ಬೋಟ್ ಯಾರ್ಡಿನಲ್ಲಿ ಹದಿನಾಲ್ಕು ವರ್ಷ ಕಬ್ಬಿಣಕ್ಕೆ ಕಬ್ಬಿಣ ಅಂಟಿಸಿ, ಆಮೇಲೆ ಒಮಾನಿಗೆ ಬಂದು, ಅಲ್ಲಿ ಇಲ್ಲಿ ದುಡಿದು, ಕೊನೆಗೆ ಮೇಷ್ಟ್ರಾಗಿದ್ದೆ. ನಮ್ಮಲ್ಲಿ ಉಸ್ತಾದ್ ಎಂದರೆ ಮದರಸದಲ್ಲಿ ಓದು ಹೇಳಿಕೊಡುವವರು. ಅಲ್ಲಿ ಕಲಿಸುವವರೆಲ್ಲ ಉಸ್ತಾದರೇ. ಹಾಗಾಗಿ ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ ನಾನೂ ಉಸ್ತಾದ್ ಉಸ್ಮಾನ್ ಆದೆ. ಊರಿಗೆ ಫೋನ್ ಮಾಡಿ ಹೇಳಿದಾಗ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದಳು.

ಆ ವರ್ಷ ಕೇಂದ್ರದವರು ಗಡಿಯಾಚೆಯ ಯೆಮನ್ನಿನ ಮಹ್ರಾ ಪ್ರಾಂತದ ಒಂದು ಕೇಂದ್ರದ ಜೊತೆ ಸೇರಿ ಹೊಸ ಕೋರ್ಸು ಶುರು ಮಾಡಿದರು. ದೋಣಿ, ಜೆಟ್ಟಿ, ಪೈಪ್‌ಲೈನ್ ಕೆಲಸಕ್ಕೆ ಬೇಕಾದ ವೆಲ್ಡಿಂಗ್, ಮೂರು ತಿಂಗಳು, ಈ ಕಡೆಯವರು ಆರು ಜನ, ಆ ಕಡೆಯವರು ಆರು ಜನ. ಪಾಸಾದವರಿಗೆ ಎರಡೂ ದೇಶದ ಸೀಲು ಇರುವ ಒಂದೇ ಸರ್ಟಿಫಿಕೇಟು, ಅದನ್ನು ಹಿಡಿದು ಗಡಿಯ ಯಾವ ಕಡೆಯಾದರೂ ಕೆಲಸ ಕೇಳಬಹುದು. ರಾಡು ಒಮಾನಿನದ್ದು, ಕಬ್ಬಿಣದ ಪ್ಲೇಟು ಲಾರಿಯಲ್ಲಿ ಯೆಮನ್ನಿನಿಂದ ಬರುವುದು ಎಂದು ಒಪ್ಪಂದವಾಗಿತ್ತು. ಮೇಷ್ಟ್ರು ಮಾತ್ರ ಎರಡೂ ಕಡೆಯವನಲ್ಲ. ಮೊದಲ ಬ್ಯಾಚು ಸರಿಯಾದರೆ ಎರಡನೆಯದು, ಇಲ್ಲದಿದ್ದರೆ ಖಲಾಸ್ ಎಂದು ನಮ್ಮ ಮುದೀರ್, ಅಂದರೆ ಕೇಂದ್ರದ ಮುಖ್ಯಸ್ಥರು, ಮೊದಲ ದಿನವೇ ಹೇಳಿದ್ದರು.

ಕೋರ್ಸು ನಡೆದದ್ದು ಖರೀಫಿನಲ್ಲಿ. ಉಳಿದ ಒಮಾನ್ ಬಿಸಿಲಿಗೆ ಬೇಯುವ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಲಾಲಕ್ಕೆ ಮಾತ್ರ ಮಳೆಗಾಲ. ಗುಡ್ಡಗಳು ಹಸಿರಾಗುತ್ತವೆ, ಒಂಟೆಗಳು ರಸ್ತೆಗೆ ಅಡ್ಡ ನಿಂತು ಮೆಲುಕು ಹಾಕುತ್ತವೆ, ಸುತ್ತಲಿನ ದೇಶಗಳ ಜನ ಕಾರು ತುಂಬಿಕೊಂಡು ಬಂದು ನೆನೆಯುತ್ತಾ ನಿಲ್ಲುತ್ತಾರೆ. ಬೆಂಗ್ರೆಯವನಾದ ನನಗೆ ಅದನ್ನು ಮಳೆ ಎಂದು ಒಪ್ಪಿಕೊಳ್ಳಲು ಎರಡು ವಾರ ಬೇಕಾಯಿತು. ನಮ್ಮಲ್ಲಿ ಮಳೆ ಹೊಡೆಯುತ್ತದೆ, ಹಂಚು ಒಡೆಯುತ್ತದೆ, ಆಮೇಲೆ ಬಿಡುತ್ತದೆ. ಅಲ್ಲಿನದು ಬೀಳುವುದೂ ಇಲ್ಲ, ಬಿಡುವುದೂ ಇಲ್ಲ, ಗಾಳಿಯಲ್ಲಿ ತೂಗಿಕೊಂಡು ಇರುತ್ತದೆ. ಒಗೆದ ಅಂಗಿ ನಾಲ್ಕು ದಿನವಾದರೂ ಒಣಗುವುದಿಲ್ಲ. ಸಂಜೆ ಉಜ್ಜಿಟ್ಟ ಪ್ಲೇಟು ಬೆಳಗಾಗುವಾಗ ಕೆಂಪಗೆ ತುಕ್ಕು ಹಿಡಿದಿರುತ್ತದೆ.

ಈ ಥಂಡಿ ನಮ್ಮ ರಾಡುಗಳಿಗೆ ಶತ್ರು. ಆ ಕೆಲಸದ ರಾಡಿನ ಮೇಲೆ ಬೂದು ಬಣ್ಣದ ಲೇಪ ಇರುತ್ತದೆ, ಅದು ಡಬ್ಬದ ಮುಚ್ಚಳ ಹಾಕಲು ಮರೆತ ಹಪ್ಪಳದ ಹಾಗೆ ತೇವ ಹೀರುತ್ತದೆ. ತೇವದ ರಾಡಿನಲ್ಲಿ ಬೆಸೆದರೆ ಹೊರಗಿನಿಂದ ಜೋಡಣೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಸೂಜಿ ಚುಚ್ಚಿದಂಥ ತೂತುಗಳು. ಅದಕ್ಕೇ ಓವನ್. ನೂರಿಪ್ಪತ್ತು ಡಿಗ್ರಿಯಲ್ಲಿ ಹಗಲೂ ರಾತ್ರಿ ಉರಿಯುತ್ತಿರಬೇಕು. ಒಳಗೆ ಆಹಾರ ಇಡಬಾರದು ಎಂದು ಅದರ ಬಾಗಿಲಿಗೆ ಇಂಗ್ಲಿಷಿನಲ್ಲೂ ಅರಬಿಯಲ್ಲೂ ಚೀಟಿ ಅಂಟಿಸಿತ್ತು. ನಾನು ಆ ಚೀಟಿಯನ್ನು ಓದಿದ್ದೆ. ಓದಿಯೂ ನನ್ನ ಬುತ್ತಿಯನ್ನು ಅದರೊಳಗೇ ಇಡುತ್ತಿದ್ದೆ. ಬೆಂಗ್ರೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು, ಯಾವ ಬೋಟೂ ಮುಳುಗಿರಲಿಲ್ಲ.

ಮೊದಲ ವಾರ ಮಧ್ಯಾಹ್ನವಾದರೆ ಕ್ಲಾಸು ಎರಡಾಗಿ ಒಡೆಯುತ್ತಿತ್ತು. ಒಮಾನಿನವರು ತಮ್ಮ ತಮ್ಮ ಪಿಕಪ್‌ಗಳಲ್ಲಿ ಕೂತು ತಿನ್ನುತ್ತಿದ್ದರು. ಯೆಮನ್ನಿನವರು ಸ್ಟೋರಿನ ಹಿಂದೆ, ಬಟ್ಟೆಯಲ್ಲಿ ಸುತ್ತಿ ತಂದ ತಣ್ಣನೆಯ ರೊಟ್ಟಿ ಮತ್ತು ಒಣ ತಾಟೆ ಬಿಚ್ಚುತ್ತಿದ್ದರು. ಜಗಳವೇನೂ ಇರಲಿಲ್ಲ. ಗುಡ್ಡದ ಆಚೆ ಈಚೆಯ ಜನ, ಹಳೆಯ ಕಾಲದಿಂದ ಒಂದಕ್ಕೊಂದು ಹತ್ತಿರದ ಮಾತು ಆಡುವವರು, ಆದರೂ ಯಾರು ಮೊದಲು ಮಾತಾಡಬೇಕು ಎಂದು ಗೊತ್ತಾಗದೆ ಸುಮ್ಮನಿದ್ದರು. ಕೆಲಸದಲ್ಲೂ ಹಾಗೆಯೇ. ಪಕ್ಕದವನ ರಾಡ್ ಹೋಲ್ಡರ್ ಜಾರಿದರೂ ಹಿಡಿಯುತ್ತಿರಲಿಲ್ಲ.

ಯೆಮನ್ನಿನವರಲ್ಲಿ ಹಿರಿಯ ಸಯೀದ್. ಮೂವತ್ತೆಂಟು ವರ್ಷ, ಮೀನುಗಾರ, ಮೂರು ಹೆಣ್ಣುಮಕ್ಕಳ ತಂದೆ. ಊರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡೇ ದೋಣಿ, ನೀರಿನ ಟ್ಯಾಂಕಿಗಳನ್ನೆಲ್ಲ ಬೆಸೆದು ಅಭ್ಯಾಸವಿದ್ದವನು. ಒಂದು ಮಧ್ಯಾಹ್ನ ನಾನು ಓವನ್ನಿನಿಂದ ಹಬೆಯಾಡುವ ಅಕ್ಕಿರೊಟ್ಟಿ ತೆಗೆಯುವುದನ್ನು ಅವನು ದೂರದಿಂದ ನೋಡುತ್ತಿದ್ದ. ಕೈಯಲ್ಲಿ ತಣ್ಣನೆಯ ರೊಟ್ಟಿ ಹಿಡಿದವನ ಆ ನೋಟ ನನಗೆ ತಡೆಯಲಾಗಲಿಲ್ಲ. ತಂದು ಇಡು ಎಂದೆ. ಮರುದಿನ ಆರು ಗಂಟುಗಳು ಬಂದವು. ಅದರ ಮರುವಾರ ಒಮಾನಿನ ಮುಸಲ್ಲಮ್ ಎಂಬ ದಢೂತಿ ಆಸಾಮಿ ಖುಬ್ಜ್ ರೊಟ್ಟಿಯ ಕಟ್ಟು ಹಿಡಿದುಕೊಂಡು, ಜಾಗ ಉಂಟಾ ಎಂದು ಇಣುಕಿದ. ತಿಂಗಳು ತುಂಬುವುದರೊಳಗೆ ಹನ್ನೆರಡೂ ಜನರ ಊಟ ಆ ಪೆಟ್ಟಿಗೆಯಲ್ಲಿ ಬಿಸಿಯಾಗಿ, ಒಂದೇ ಪ್ಲಾಸ್ಟಿಕ್ ಚಾಪೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು.

ಆಮೇಲೆ ಕೆಲಸ ನೋಡಬೇಕಿತ್ತು. ಮುಸಲ್ಲಮನ ಕೈ ನಡುಗುತ್ತಿತ್ತು; ಮೀನು ಗಾಳದ ಹಗ್ಗ ಎಳೆಯುವವರೆಗೆ ಹೇಗೆ ಉಸಿರು ಬಿಗಿಹಿಡಿದು ಕಾಯಬೇಕೋ ಹಾಗೆ ಹಿಡಿ ಎಂದು ಸಯೀದ್ ಹೇಳಿಕೊಟ್ಟ. ನಾನು ಮೂರು ವಾರ ಬಡಿದುಕೊಂಡರೂ ಆಗದ್ದು ಅದರಿಂದ ಆಯಿತು. ಸಯೀದನಿಗೆ ಡ್ರಾಯಿಂಗ್ ಓದಲು ಬರುತ್ತಿರಲಿಲ್ಲ, ಮುಸಲ್ಲಮ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದ. ನನಗೆ ನಿಜಕ್ಕೂ ಹೆಮ್ಮೆ ಎನಿಸುತ್ತಿತ್ತು. ಆ ಹೆಮ್ಮೆಯಲ್ಲಿ ಒಂದು ವಿಷಯ ಬರುಬರುತ್ತಾ ಹಗುರಾಯಿತು. ನೂರಿಪ್ಪತ್ತು ಡಿಗ್ರಿಯಲ್ಲಿ ಖುಬ್ಜ್ ಚರ್ಮದಂತಾಗುತ್ತದೆಂದು ನಾನು ಊಟಕ್ಕೆ ಮೊದಲು ಓವನ್ನಿನ ಬಿಸಿ ಏರಿಸಿ ಇಳಿಸುವ ಗುಬ್ಬಿಯನ್ನು ಅರವತ್ತಕ್ಕೆ ಇಳಿಸುತ್ತಿದ್ದೆ, ಊಟವಾದ ಮೇಲೆ ಮತ್ತೆ ಏರಿಸುತ್ತಿದ್ದೆ.

ಸಯೀದ್ ಕಡಿಮೆ ಮಾತಿನವನು. ಒಂದೇ ಒಂದು ಸಲ, ಚಹಾ ಕುಡಿಯುವಾಗ, ತನ್ನ ಕಥೆ ಹೇಳಿದ್ದ. ಈ ಕಡೆಯ ಮೀನು ಬಂದರಿನಲ್ಲಿ ದೋಣಿ ರಿಪೇರಿ ಮಾಡುವವನೊಬ್ಬ ಕೆಲಸ ಕೊಡಲು ತಯಾರಿದ್ದ, ಆ ಕಡೆ ಅವನ ಊರಲ್ಲೂ ಹೊಸ ಜೆಟ್ಟಿ ಏಳುವುದರಲ್ಲಿತ್ತು. ಎರಡಕ್ಕೂ ಕಾಗದ ಬೇಕು. ಅವನ ಪರವಾನಗಿ ಇದ್ದದ್ದು ಖರೀಫ್ ಮುಗಿಯುವವರೆಗೆ ಮಾತ್ರ, ಅಷ್ಟರಲ್ಲಿ ಸಿಗದಿದ್ದರೆ ಬರಿಗೈಯಲ್ಲಿ ವಾಪಸು.

"ಉಸ್ತಾದ್, ನನ್ನ ಕೈಗೆ ಕೆಲಸ ಗೊತ್ತು," ಎಂದಿದ್ದ. "ಗೊತ್ತು ಅಂತ ಹೇಳುವ ಕಾಗದ ಇಲ್ಲ. ಗೇಟಿನಲ್ಲಿ ನಿಂತವರು ಕಾಗದ ಕೇಳ್ತಾರೆ, ಕೈ ನೋಡುವುದಿಲ್ಲ."

ಪರೀಕ್ಷೆಗೆ ಎರಡೂ ದೇಶದಿಂದ ಒಬ್ಬೊಬ್ಬ ಪರೀಕ್ಷಕರು ಹಿಂದಿನ ದಿನವೇ ಬಂದಿಳಿದರು. ಅತಿಥಿಗಳು ಬಂದ ಮೇಲೆ ಹುಡುಗರು, ಹುಡುಗರೇನು ಮಕ್ಕಳೊಂದಿಗರು, ಸುಮ್ಮನಿರುತ್ತಾರೆಯೇ? ಅನ್ನ ಮಾಂಸದ ದೊಡ್ಡ ದೊಡ್ಡ ತಟ್ಟೆಗಳು ಬಂದವು, ಫಾಯಿಲ್ ಮುಚ್ಚಿ ಎಲ್ಲವನ್ನೂ ಓವನ್ನಿಗೆ ತುರುಕಿದೆವು. ಊಟವಾಯಿತು, ಕಾಫಿಯಾಯಿತು, ಮುದೀರರ ಭಾಷಣವಾಯಿತು. ನಾನು ಅತಿಥಿಗಳಿಗೆ ಪರೀಕ್ಷೆಯ ಕಬ್ಬಿಣದ ಪ್ಲೇಟು ತೋರಿಸಲು ಹೋದೆ. ಮರುದಿನ ಬೆಳಿಗ್ಗೆ ಓವನ್ನಿನಿಂದ ರಾಡು ತೆಗೆದು ನಾನೇ ಹಂಚಿದೆ. ಕೈಗೆ ಬೆಚ್ಚಗೆ ಹಿತವಾಗಿತ್ತು. ಹಿತವಾಗಿರಬಾರದು, ಮುಟ್ಟಿದರೆ ಕೈ ಹಿಂದೆ ಬರಬೇಕು. ಗಡಿಬಿಡಿಯಲ್ಲಿ ಅದು ತಲೆಗೇ ಹೋಗಲಿಲ್ಲ.

ಬೆಸೆದ ಪ್ಲೇಟಿನಿಂದ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಪ್ರೆಸ್ಸಿನಲ್ಲಿಟ್ಟು ಕುದುರೆ ಲಾಳದ ಹಾಗೆ ಬಗ್ಗಿಸುವುದೇ ಪರೀಕ್ಷೆ. ಬೆಸುಗೆ ಗಟ್ಟಿಯಿದ್ದರೆ ಸುಮ್ಮನೆ ಬಗ್ಗುತ್ತದೆ. ಮೊದಲನೆಯದು ಬಾಯಿ ಬಿಟ್ಟಿತು. ಎರಡನೆಯದೂ ಬಿಟ್ಟಿತು. ಸಯೀದನದು ಐದನೆಯದು, ಅರ್ಧ ಬಗ್ಗುವಷ್ಟರಲ್ಲಿ ಟಕ್ ಎಂದಿತು. ಅವನು ಆ ತುಂಡನ್ನು ಕೈಗೆ ತೆಗೆದುಕೊಂಡು ಸೀಳನ್ನು ಬೆರಳಿನಿಂದ ಸವರಿ, ಮತ್ತೆ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಹನ್ನೆರಡರಲ್ಲಿ ಒಂಬತ್ತು ಹೋದವು.

ಆಫೀಸಿನಲ್ಲಿ ಮಾತು ಬಿಸಿಯಾಯಿತು. ನಿಮ್ಮ ಲಾರಿಯಲ್ಲಿ ಬಂದ ಕಬ್ಬಿಣವೇ ಸರಿಯಿಲ್ಲ ಎಂದರು ಒಮಾನಿನ ಪರೀಕ್ಷಕರು. ಕಬ್ಬಿಣ ಸರಿಯಾಗಿಯೇ ಇದೆ, ನೀವು ಕೊಟ್ಟ ರಾಡು ಕಳಪೆ ಎಂದರು ಯೆಮನ್ನಿನವರು. ಮುದೀರ್ ಇಬ್ಬರಿಗೂ ನೀರು ಕೊಟ್ಟು ನಡುವೆ ಕೂತರು. ಎರಡನೇ ಬ್ಯಾಚಿನ ಮಾತು ಬಿಡಿ, ಈ ಬ್ಯಾಚಿಗೇ ಮರುಪರೀಕ್ಷೆ ಯಾಕೆ ಎಂಬಲ್ಲಿಗೆ ಬಂದು ನಿಂತಿತ್ತು. ಪರೀಕ್ಷಕರು ಹೊರಡುವುದು ಮರುದಿನ ಸಂಜೆ. ಯೆಮನ್ನಿನ ಆರು ಜನರ ಪರವಾನಗಿ ಉಳಿದಿದ್ದದ್ದು ಇನ್ನು ಮೂರೇ ದಿನ.

ನಾನು ಉಳಿದ ರಾಡುಗಳನ್ನು ವಾಪಸಿಡಲು ವರ್ಕ್‌ಶಾಪಿಗೆ ಹೋದೆ. ಓವನ್ನಿನ ಬಾಗಿಲು ತೆರೆದಾಗ ಕೆಳಗಿನ ತಟ್ಟೆಯಲ್ಲಿ ಫಾಯಿಲಿನ ಚೂರು, ನಾಲ್ಕು ಅಗುಳು ಅನ್ನ. ಆಗ ಗುಬ್ಬಿ ನೋಡಿದೆ. ಅರವತ್ತು. ಹಿಂದಿನ ಮಧ್ಯಾಹ್ನದಿಂದ ಅರವತ್ತರಲ್ಲೇ ಇತ್ತು, ಆ ಮಾಂಸದ ಹಬೆಯನ್ನೆಲ್ಲ ಒಳಗೆ ಇಟ್ಟುಕೊಂಡು. ಕಬ್ಬಿಣದ್ದೂ ಅಲ್ಲ, ರಾಡಿನದ್ದೂ ಅಲ್ಲ, ಸಯೀದನ ಕೈಯದ್ದಂತೂ ಅಲ್ಲವೇ ಅಲ್ಲ. ತಪ್ಪು ನನ್ನದು.

ಆಫೀಸಿನ ಹೊರಗೆ ಫ್ಲೇವಿಯಾ ಬಾಯಿ ಸಿಕ್ಕಿದರು. ಮಂಗಳೂರಿನವರು, ಕೇಂದ್ರದ ಕಾಗದಪತ್ರವೆಲ್ಲ ಅವರ ಕೈಯಲ್ಲಿ. ಅಲ್ಲಿ ನನಗೆ ಊರಿನ ಮಾತು ಕೇಳಿಸುತ್ತಿದ್ದದ್ದು ಅವರಿಂದ ಮಾತ್ರ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಉಸ್ಮಾನಾಕ, ನಿಮ್ಮ ರಿನ್ಯೂವಲ್ ಕಾಗದ ಮುದೀರ್ ಟೇಬಲಿನ ಮೇಲೆ ಉಂಟು. ಸೈನ್ ಆಗುವ ತನಕ ಬಾಯಿ ಬಿಡ್ಬೇಡಿ ಮಾರಾಯ್ರೆ. ನಾಡಿದ್ದು ಹೇಳಿದ್ರೆ ಸಾಕು."

"ನಾಡಿದ್ದು ಪರೀಕ್ಷೆ ಮಾಡುವವರು ಇಲ್ಲಿ ಇರುವುದಿಲ್ಲ ಬಾಯಿ," ಎಂದೆ.

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಮಗಳ ಓದು, ಅರ್ಧಕ್ಕೆ ನಿಂತ ಮನೆ ಎಲ್ಲ ಕಣ್ಣ ಮುಂದೆ ಬಂತು. ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ದರೆ ಎರಡು ದೇಶದವರು ಒಬ್ಬರ ಮೇಲೊಬ್ಬರು ಹೊರಿಸಿಕೊಂಡು ಮನೆಗೆ ಹೋಗುತ್ತಾರೆ, ನನ್ನ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಆದರೆ ಆ ಸೀಳನ್ನು ಸವರಿದ ಸಯೀದನ ಬೆರಳು ಕಣ್ಣಿಂದ ಹೋಗುತ್ತಿರಲಿಲ್ಲ. ಕೆಲಸ ಗೊತ್ತಿಲ್ಲ ಎಂದು ಕೊನೆಗೂ ಅವನಿಗೆ ಒಂದು ಕಾಗದ ಸಿಕ್ಕಿದಂತಾಗುತ್ತಿತ್ತು, ಅದೂ ನನ್ನಿಂದ.

ಫ್ಲೇವಿಯಾ ಬಾಯಿ ಕೈಯಲ್ಲಿದ್ದ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಹಾಗಾದ್ರೆ ನಾನೂ ಬರ್ತೇನೆ. ನಿಮ್ಮ ಅರಬಿಯಲ್ಲಿ ಹೇಳಿದ್ರೆ ಓವನ್ನೇ ಕದ್ದಿದ್ದೀರಿ ಅಂತ ಅಂದುಕೊಂಡಾರು," ಎಂದು ಬಾಗಿಲು ತಳ್ಳಿದರು.

ನಾನು ಹೇಳಿದೆ, ಅವರು ಸರಿಮಾಡಿ ಅರಬಿಯಲ್ಲಿ ದಾಟಿಸಿದರು. ಚೀಟಿ ಓದಿದ್ದೆ ಎಂಬುದನ್ನೂ ಬಿಡಲಿಲ್ಲ. ಮುದೀರರ ಮುಖ ಕಪ್ಪಿಟ್ಟಿತು. ಒಮಾನಿನ ಪರೀಕ್ಷಕರು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ಹಾಕಿದರು. ಯೆಮನ್ನಿನ ಪರೀಕ್ಷಕರು ನರೆತ ಗಡ್ಡದ ಹಿರಿಯರು. ಇದು ನಿನ್ನ ಶಿಷ್ಯರನ್ನು ಕಾಪಾಡಲು ಕಟ್ಟಿದ ಕಥೆಯಲ್ಲ ಎಂದು ನಮಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿ, ತಾವೇ ಉತ್ತರ ಹೇಳಿದರು: ಒಂದು ಪ್ಲೇಟನ್ನು ಆ ಓವನ್ನಿನ ರಾಡಿನಲ್ಲಿ ಬೆಸೆ, ಇನ್ನೊಂದನ್ನು ಸೀಲು ಒಡೆಯದ ಡಬ್ಬಿಯ ರಾಡಿನಲ್ಲಿ ಬೆಸೆ. ನಾವು ನೋಡುತ್ತೇವೆ.

ಹೀಗೆ ಆ ಮಧ್ಯಾಹ್ನ ಮೇಷ್ಟ್ರು ಪರೀಕ್ಷೆಗೆ ಕೂತ. ಹನ್ನೆರಡು ಜನ ಸುತ್ತ ನಿಂತರು. ಸಂಗತಿ ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು, ಯಾರ ಮುಖ ನೋಡಲೂ ನನಗೆ ಧೈರ್ಯವಿರಲಿಲ್ಲ. ಎಷ್ಟೋ ವರ್ಷದಿಂದ ಇನ್ನೊಬ್ಬರ ಕೈ ತಿದ್ದಿದ್ದೇ ಹೊರತು ನನ್ನ ಕೈಯನ್ನು ಯಾರೂ ನೋಡಿರಲಿಲ್ಲ. ಈಗ ಬೆರಳು ನಡುಗಿತು. ಎರಡೂ ಪ್ಲೇಟು ಒಂದೇ ಹಾಗೆ ಬೆಸೆಯಬೇಕು, ಇಲ್ಲದಿದ್ದರೆ ತಪ್ಪು ಓವನ್ನಿನದೋ ಕೈಯದೋ ತಿಳಿಯುವುದಿಲ್ಲ. ಸಯೀದ್ ಗುಂಪಿನಿಂದ ಮುಂದೆ ಬಂದು, ಹೇಳದೆಯೇ, ನನ್ನ ಪ್ಲೇಟಿಗೆ ಕ್ಲ್ಯಾಂಪ್ ಬಿಗಿದ. ನನ್ನ ಕಿವಿಯ ಹತ್ತಿರ ಮೆಲ್ಲಗೆ, "ಉಸಿರು ಹಿಡಿಯಿರಿ ಉಸ್ತಾದ್," ಎಂದ.

ಹಿಡಿದೆ. ಓವನ್ನಿನ ರಾಡಿನ ಪಟ್ಟಿ ಬಗ್ಗುವಾಗಲೇ ಬಾಯಿ ಬಿಟ್ಟಿತು, ಒಳಗೆ ಸಾಲಾಗಿ ತೂತುಗಳು. ಹೊಸ ಡಬ್ಬಿಯದ್ದು ಪ್ರೆಸ್ಸಿನ ಕೆಳಗೆ ಬಗ್ಗಿತು, ಇನ್ನೂ ಬಗ್ಗಿತು, ಲಾಳವಾಗಿ ನಿಂತಿತು. ಎರಡು ದೇಶದ ಪರೀಕ್ಷಕರು ಒಂದೇ ಭೂತಗನ್ನಡಿಯನ್ನು ಕೈ ಬದಲಾಯಿಸಿಕೊಂಡು ನೋಡಿದರು. ನಿಮ್ಮ ಕಬ್ಬಿಣ ಒಳ್ಳೆಯದೇ ಎಂದರು ಒಬ್ಬರು. ನಿಮ್ಮ ರಾಡೂ ಒಳ್ಳೆಯದೇ ಎಂದರು ಇನ್ನೊಬ್ಬರು. ಮೇಷ್ಟ್ರ ವಿಷಯ ಇಬ್ಬರೂ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತು ಜನರಿಗೂ ಮರುಪರೀಕ್ಷೆ ನಡೆಯಿತು. ಓವನ್ನಿನ ಗುಬ್ಬಿಯ ಮೇಲೆ ಮುಸಲ್ಲಮ್ ಟೇಪು ಸುತ್ತಿಬಿಟ್ಟಿದ್ದ. ಸಯೀದನ ಪಟ್ಟಿ ಪ್ರೆಸ್ಸಿಗೆ ಹೋದಾಗ ಹೊರಗೆ ಸೂರಿನಿಂದ ಹನಿ ತೊಟ್ಟಿಕ್ಕುವ ಸದ್ದೂ ಕೇಳುತ್ತಿತ್ತು. ಅದು ಬಗ್ಗಿತು. ಎಲ್ಲಿಯೂ ಕೂದಲೆಳೆಯಷ್ಟು ಬಿರುಕಿಲ್ಲ. ಅವನು ಆ ಪಟ್ಟಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡ. ಇನ್ನೂ ಬಿಸಿಯಿತ್ತೋ ಏನೋ, ಕಣ್ಣಲ್ಲಿ ನೀರು ಬಂತು. ನನಗೂ ಬಂತು, ನಾನು ಶೀಲ್ಡಿನ ಹಿಂದೆ ಒರೆಸಿಕೊಂಡೆ.

ಒಟ್ಟು ಹನ್ನೊಂದು ಜನ ಪಾಸು. ಉಳಿದವನು ಮುಸಲ್ಲಮ್. ಅವನ ಪಟ್ಟಿ ನಿಜವಾಗಿಯೂ ಅವನದೇ ತಪ್ಪಿನಿಂದ ಒಡೆಯಿತು. ನಾನೇ ಹೇಳುವ ಮೊದಲು, ಓವನ್ ಈ ಸಲ ನಿರಪರಾಧಿ ಎಂದು ನಕ್ಕುಬಿಟ್ಟ. ತನ್ನ ಮನೆ ಇಲ್ಲೇ ಇದೆ, ಮುಂದಿನ ಖರೀಫಿಗೂ ತಾನಿರುತ್ತೇನೆ, ಯಲ್ಲಾ, ಅವರೆಲ್ಲ ಕಾಗದ ಹಿಡಿದು ಮನೆಗೆ ಹೋಗಲಿ ಎಂದು ಸಯೀದನ ಹೆಗಲಿಗೆ ಗುದ್ದಿದ. ಮೂರನೇ ದಿನ ಗುಡ್ಡದ ಮೇಲಿನ ಮಂಜು ಎದ್ದು ಬಿಸಿಲು ಬಿತ್ತು. ಬಸ್ಸು ಹತ್ತುವಾಗ ಸಯೀದ್ ತನ್ನ ಬಗ್ಗಿದ ಪಟ್ಟಿಯನ್ನು ನನ್ನ ಕೈಗಿಟ್ಟ. ಕಾಗದ ತನಗೆ, ಕಬ್ಬಿಣ ನನಗೆ ಎಂದ.

ನನ್ನ ರಿನ್ಯೂವಲ್ ಕಾಗದಕ್ಕೆ ಸಹಿ ಬೀಳಲಿಲ್ಲ. ಮುದೀರ್ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಹಿ ಇತ್ತು, ಇಲ್ಲ ಎನ್ನುವುದಿಲ್ಲ. ಫ್ಲೇವಿಯಾ ಬಾಯಿ ಒಂದು ಪುಟ ತುಂಬ ಅನುಭವ ಪತ್ರ ಟೈಪ್ ಮಾಡಿ ಸೀಲು ಹಾಕಿಸಿ ಕೊಟ್ಟರು. ಅದನ್ನು ಓದಿಯೇ ಬರ್ಕಾದ ಹಾಜಿಯವರು ನನ್ನನ್ನು ಕರೆದದ್ದು. ಕೋರ್ಸು ಮಾತ್ರ ನಿಲ್ಲಲಿಲ್ಲ. ಈಗ ಒಂದು ಖರೀಫ್ ಈ ಕಡೆ, ಒಂದು ಖರೀಫ್ ಆ ಕಡೆ ನಡೆಯುತ್ತದೆ. ಆ ಕಡೆ ನಡೆದ ಮೊದಲ ಸಲವೇ ಮುಸಲ್ಲಮ್ ಗಡಿ ದಾಟಿ ಹೋಗಿ ಪಾಸಾಗಿ ಬಂದ. ಅಲ್ಲಿ ಅವನಿಗೆ ಕಲಿಸಿದವನು ಸಯೀದ್.

ಕಳೆದ ವಾರ ಹೊಸ ಓವನ್ನಿನ ಫೋಟೋ ತೆಗೆದು ಸಯೀದನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನಿಗೆ ಅವನ ದನಿಯ ಮೆಸೇಜು ಬಂತು.

"ಉಸ್ತಾದ್, ನಮ್ಮಲ್ಲಿ ಎರಡುಂಟು. ಒಂದು ರಾಡಿಗೆ, ಒಂದು ರೊಟ್ಟಿಗೆ. ರೊಟ್ಟಿಯದ್ದನ್ನೇ ಮೊದಲು ತಂದೆವು."

ಎರಡು ಸಲ ಕೇಳಿಸಿಕೊಂಡೆ. ಮಧ್ಯಾಹ್ನವಾಗಿತ್ತು. ನಮ್ಮ ವರ್ಕ್‌ಶಾಪಿನ ಬಂಗಾಳಿಗಳು ಗೇಟಿನ ಹತ್ತಿರ, ಪಂಜಾಬಿಗಳು ಲಾರಿಯ ನೆರಳಲ್ಲಿ, ನಮ್ಮೂರಿನ ಇಬ್ಬರು ರೂಮಿನ ಮೆಟ್ಟಿಲ ಮೇಲೆ, ಅವರವರ ತಣ್ಣನೆಯ ಡಬ್ಬಿ ಬಿಚ್ಚುತ್ತಿದ್ದರು. ಮೂರು ವರ್ಷದಿಂದ ದಿನಾ ನೋಡುತ್ತಿದ್ದೆ, ನೋಡಿರಲಿಲ್ಲ. ನನ್ನ ಡಬ್ಬಿ ಹಿಡಿದ ಕೈ ಹಳೆಯ ಚಾಳಿಯಂತೆ ಹೊಸ ಓವನ್ನಿನ ಬಾಗಿಲಿಗೆ ಹೋಗಿತ್ತು. ವಾಪಸು ತೆಗೆದುಕೊಂಡು ಹಾಜಿಯವರ ಹತ್ತಿರ ಹೋದೆ. ಇನ್ನೊಂದು ಓವನ್ ಬೇಕು, ಸಣ್ಣದಾದರೂ ಸಾಕು, ಒಂದು ದೊಡ್ಡ ಚಾಪೆಯೂ ಬೇಕು ಎಂದೆ.

"ಇದು ಬಂದು ಒಂದು ದಿನ ಆಗಲಿಲ್ಲ ಉಸ್ಮಾನ್. ಇದು ಸಾಲದಾ?" ಎಂದರು.

"ಇದು ರಾಡಿಗೆ ಹಾಜಿ," ಎಂದೆ.